ಬೋರಲು ಮಲಗಿಸುತ್ತಿದ್ದ ಸಿಸ್ಟರ್

ಮಗುವನ್ನು ಮುಟ್ಟುವ ಮೊದಲು ಅವರು ತಮ್ಮ ಉಗುರುಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಉಗುರುಗಳನ್ನು. "ಕೈ ಚಾಚಿ ಸಾರ್" ಎಂದರೆ ನಾನು, ಎಂ.ಡಿ. ಓದಿದ ಮಕ್ಕಳ ಡಾಕ್ಟರು, ಒಂದನೇ ಕ್ಲಾಸಿನವನ ಹಾಗೆ ಹತ್ತು ಬೆರಳನ್ನೂ ಮುಂದಕ್ಕೆ ಹಿಡಿಯಬೇಕಿತ್ತು. ಒಂದು ಉಗುರು ಚೂರು ಬೆಳೆದಿದ್ದರೂ ಜೇಬಿನಿಂದ ಕಟರ್ ತೆಗೆದು ಕೈಗೆ ಕೊಡುತ್ತಿದ್ದರು. ಒಮ್ಮೆ ನಾನು ರೇಗಿ, "ನಾನೇನು ಮಗೂನ ಪರಚ್ತೀನಾ ಸಿಸ್ಟರ್?" ಎಂದೆ. "ನೀವು ಪರಚಲ್ಲ ಸಾರ್, ನಿಮ್ಮ ಉಗುರು ಪರಚ್ತದೆ. ಅದು ಎಂ.ಡಿ. ಓದಿಲ್ಲ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಮುಖ ಗಂಟಿಕ್ಕಿಕೊಂಡು ಉಗುರು ಕತ್ತರಿಸಿಕೊಂಡೆ.

ಹೋದ ತಿಂಗಳು ಅವರು ತೀರಿಕೊಂಡರು. ಎರಡು ವರ್ಷದಿಂದ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್‌ಗೆಂದು ತಮ್ಮೂರು ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ವಾರಕ್ಕೆರಡು ಸಲ ಬಂದುಹೋಗುತ್ತಿದ್ದರಂತೆ. ಚಿಕ್ಕಬಳ್ಳಾಪುರದಲ್ಲಿರುವ ನನಗೆ ಚಿಂತಾಮಣಿ ಎಷ್ಟು ದೂರ? ಒಂದು ಸಲವೂ ಹೋಗಿ ನೋಡಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿಬಿಡಬಹುದು, ಆದರೆ ಅದು ಸುಳ್ಳು. ಗೊತ್ತಿತ್ತು. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಅವರ ಎದುರು ಕೂರುವುದು ನನಗೆ ಸುಲಭವಾಗಿರಲಿಲ್ಲ. ಅದು ಯಾಕೆ ಅನ್ನುವುದನ್ನೇ ಇಲ್ಲಿ ಬರೆಯಬೇಕಾಗಿದೆ. ಅವರ ಹೆಸರು ಬರೆಯುವುದಿಲ್ಲ. ಅಷ್ಟು ವರ್ಷ ಜೊತೆಗೆ ದುಡಿದರೂ ಹೆಸರು ಹಿಡಿದು ಕರೆಯುವ ಸಲಿಗೆ ನಮ್ಮಿಬ್ಬರ ನಡುವೆ ಬೆಳೆಯಲಿಲ್ಲ. ನನಗೆ ಅವರು ಸಿಸ್ಟರ್, ಅವರಿಗೆ ನಾನು ಸಾರ್.

ನಾವು ಜೊತೆಗೆ ಕೆಲಸ ಮಾಡಿದ್ದು ಚಿಕ್ಕಬಳ್ಳಾಪುರದ ಒಂದು ಖಾಸಗಿ ಮಕ್ಕಳ ಆಸ್ಪತ್ರೆಯಲ್ಲಿ. ಈಗ ಆ ಆಸ್ಪತ್ರೆ ಇಲ್ಲ, ಆ ಕಟ್ಟಡದಲ್ಲಿ ಟೈಲ್ಸ್ ಅಂಗಡಿಯಿದೆ. ಆಗ ಅಲ್ಲಿ ನಾಲ್ಕು ಹಾಸಿಗೆಯ ತೀವ್ರ ನಿಗಾ ಘಟಕವಿತ್ತು, ಎರಡು ವೆಂಟಿಲೇಟರ್ ಇದ್ದವು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಬಂದ ಮಕ್ಕಳಲ್ಲಿ ಸಾಗಿಸಬಹುದಾದವರನ್ನು ಬೆಂಗಳೂರಿಗೆ ಸಾಗಿಸುತ್ತಿದ್ದೆವು. ಆಂಬುಲೆನ್ಸಿನಲ್ಲಿ ಒಂದು ಗಂಟೆ ತಡೆಯಲಾರದಂಥ ಮಕ್ಕಳು ನಮ್ಮ ಪಾಲಿಗೆ ಉಳಿಯುತ್ತಿದ್ದರು.

ಸಿಸ್ಟರ್ ನಮ್ಮಲ್ಲಿಗೆ ಬರುವ ಮೊದಲು ಎಂಟು ವರ್ಷ ಬೆಂಗಳೂರಿನ ದೊಡ್ಡ ಮಕ್ಕಳ ಆಸ್ಪತ್ರೆಯೊಂದರಲ್ಲಿ ಇದ್ದವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಹತ್ತಿರ ಬೆಳೆಸಬೇಕೆಂದು ಊರಿನ ಕಡೆ ಬಂದಿದ್ದರು. ಅವರ ತಂದೆ ಶಾಲಾ ಮೇಷ್ಟ್ರು, ನಡುವಯಸ್ಸಿನಲ್ಲಿ ಬೌದ್ಧ ಧರ್ಮಕ್ಕೆ ಬಂದವರು. ಸಿಸ್ಟರಿನ ಲಾಕರ್ ಬಾಗಿಲ ಒಳಗಡೆ ಬುದ್ಧನ ಪುಟ್ಟ ಚಿತ್ರವೊಂದನ್ನು ಅಂಟಿಸಿದ್ದರು. ಅಮಾವಾಸ್ಯೆ, ರಾಹುಕಾಲ ಎಂದು ಯಾರಾದರೂ ಮಗುವಿನ ಡಿಸ್ಚಾರ್ಜ್ ಮುಂದಕ್ಕೆ ಹಾಕಿದರೆ ಅವರು ವಾದಕ್ಕೆ ಇಳಿಯುತ್ತಿರಲಿಲ್ಲ. "ಇರ್ಲಿ ಬಿಡಿ, ಇನ್ನೊಂದ್ ದಿನ ನಮ್ ಜೊತೇಲೇ ಇರ್ತದೆ ಮಗು" ಎಂದು ಹೊದಿಕೆ ಸರಿಮಾಡಿ ಹೋಗುತ್ತಿದ್ದರು.

ಶ್ವಾಸಕೋಶ ತೀರಾ ಕೆಟ್ಟ ಮಗುವನ್ನು ಬೋರಲು ಮಲಗಿಸಿದರೆ ಆಮ್ಲಜನಕ ಏರುತ್ತದೆ ಎಂದು ನಾನು ಓದಿದ್ದೆ. ಓದಿದ್ದು ಮಾತ್ರ. ಬಾಯಿಂದ ಗಂಟಲಿಗೆ ನಳಿಕೆ ಇಳಿಸಿರುವ, ಮೈತುಂಬ ವೈರುಗಳಿರುವ ಮಗುವನ್ನು ಹೊಟ್ಟೆಯ ಮೇಲೆ ತಿರುಗಿಸುವುದೆಂದರೆ ನನಗೆ ಧೈರ್ಯ ಬರುತ್ತಿರಲಿಲ್ಲ. ತಿರುಗಿಸುವಾಗ ನಳಿಕೆ ಜಾರಿದರೆ ಕಥೆ ಮುಗಿಯಿತು. ಸಿಸ್ಟರ್ ಸೇರಿದ ಎರಡನೇ ತಿಂಗಳಲ್ಲಿ ಚಿಂತಾಮಣಿಯ ಕಡೆಯ ಎರಡು ವರ್ಷದ ಗಂಡುಮಗುವೊಂದು ನ್ಯುಮೋನಿಯಾದಲ್ಲಿ ಬಂತು. ನೂರಕ್ಕೆ ನೂರು ಆಮ್ಲಜನಕ ಕೊಟ್ಟರೂ ಮಾನಿಟರಿನ ಅಂಕಿ ಎಂಬತ್ತೆರಡು ದಾಟುತ್ತಿರಲಿಲ್ಲ. "ಬೋರಲು ಹಾಕಣ್ವಾ ಸಾರ್?" ಎಂದರು, ಬಟ್ಟೆ ಒಣಗಹಾಕುವ ಮಾತಿನಷ್ಟು ಸಲೀಸಾಗಿ. ನಾನು ಆ ಕಾರಣ ಈ ಕಾರಣ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹೆದರಿಕೆ ಇದ್ರೆ ಹೆದರಿಕೆ ಅನ್ನಿ ಸಾರ್. ಅದಕ್ಕೆ ಮದ್ದಿದೆ" ಎಂದರು.

ಮದ್ದು ಏನೆಂದರೆ, ಮೊದಲು ನನ್ನನ್ನೇ ಮಲಗಿಸಿದ್ದು. ಖಾಲಿ ಹಾಸಿಗೆಯ ಮೇಲೆ ಎಪ್ಪತ್ತೆಂಟು ಕೆಜಿಯ ಡಾಕ್ಟರನ್ನು ಅಂಗಾತ ಮಲಗಿಸಿ, ಬಾಯಿಗೊಂದು ನಳಿಕೆ ಇಟ್ಟು ಪ್ಲಾಸ್ಟರ್ ಅಂಟಿಸಿ, ಐದು ಜನರನ್ನು ನಿಲ್ಲಿಸಿದರು. ತಲೆಯ ಹತ್ತಿರ ನಿಂತವರದು ಒಂದೇ ಕೆಲಸ, ನಳಿಕೆ ಹಿಡಿಯುವುದು, ಭೂಕಂಪವಾದರೂ ಬಿಡಬಾರದು. ಎರಡು ಪಕ್ಕದಲ್ಲಿ ಇಬ್ಬಿಬ್ಬರು. ಎದೆಗೊಂದು, ಸೊಂಟಕ್ಕೊಂದು ಬಟ್ಟೆಯ ಸುರುಳಿ, ನಡುವೆ ಹೊಟ್ಟೆ ತೂಗಾಡುವ ಹಾಗೆ. ಒಂದು ಎರಡು ಮೂರು ಎಂದು ಎಣಿಸಿದರೆ ಕೆಲವರು ಮೂರಕ್ಕೆ ಎತ್ತುತ್ತಾರೆ, ಕೆಲವರು ಮೂರಾದ ಮೇಲೆ ಎತ್ತುತ್ತಾರೆ ಎಂದು ಎಣಿಕೆಯನ್ನೇ ತೆಗೆದುಹಾಕಿದ್ದರು. ಅವರು "ಹೋಗಣ" ಎಂದಾಗ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ನನ್ನನ್ನು ನಾಲ್ಕು ಸಲ ತಿರುಗಿಸಿದರು. ನಾಲ್ಕನೇ ಸಲಕ್ಕೆ ನಮ್ಮ ಆಯಾ ನಗು ತಡೆಯಲಾರದೆ ಗೋಡೆಗೆ ಒರಗಿದಳು. ಅರ್ಧ ಗಂಟೆಯ ನಂತರ ಆ ಮಗುವನ್ನು ತಿರುಗಿಸಿದಾಗ ಎಲ್ಲರ ಕೈಯೂ ಒಟ್ಟಿಗೆ ಎದ್ದಿತು. ಎರಡು ಗಂಟೆಯೊಳಗೆ ಅಂಕಿ ತೊಂಬತ್ತಮೂರಕ್ಕೆ ಬಂತು. ಆ ಮಗು ಬದುಕಿತು.

ಅದಾದ ಮೇಲೆ ಎಷ್ಟೋ ಮಕ್ಕಳನ್ನು ತಿರುಗಿಸಿದೆವು. ಎಲ್ಲರೂ ಬದುಕಲಿಲ್ಲ. ಬೋರಲು ಮಲಗಿಸಿದರೆ ಮಗು ಉಳಿಯುತ್ತದೆಂದು ಯಾರೂ ಬರೆದುಕೊಡಲಾರರು. ಉಸಿರಿಗೆ ಇನ್ನಷ್ಟು ಜಾಗ ಸಿಗುತ್ತದೆ, ಕಾಯಿಲೆ ಇಳಿಯುವವರೆಗೆ ಕಾಯಲು ಸಮಯ ಸಿಗುತ್ತದೆ, ಅಷ್ಟೇ. ಸಿಸ್ಟರ್ ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾವ ತಾಯಿಗೂ ಕೊಟ್ಟಿದ್ದನ್ನು ನಾನು ಕಾಣೆ. ಸುರುಳಿಗಳಿಗಾಗಿ ಮನೆಯವರಿಂದ ಹಳೆಯ ವಾಯಿಲ್ ಸೀರೆ ತರಿಸಿ, ಕುದಿಸಿ, ಇಸ್ತ್ರಿ ಮಾಡಿಸಿ ಸುತ್ತುತ್ತಿದ್ದರು. ಆಸ್ಪತ್ರೆಯ ದಿಂಬು ಮಗುವಿನ ಚರ್ಮಕ್ಕೆ ಒರಟು ಎನ್ನುವುದು ಅವರ ವಾದ. ಮದ್ದಿನ ಮಂಪರಿನಲ್ಲಿರುವ ಮಗುವಿನ ಕಿವಿಯ ಹತ್ತಿರ ಬಾಗಿ, "ತಿರುಗಿಸ್ತೀವಿ ಕಣಪ್ಪ, ಹೆದರ್ಕೋಬೇಡ" ಎಂದು ಹೇಳದೆ ಒಂದು ಸಲವೂ ತಿರುಗಿಸಿದವರಲ್ಲ. ಅದಕ್ಕೆ ಕೇಳಿಸುವುದಿಲ್ಲ ಸಿಸ್ಟರ್ ಎಂದರೆ, "ಕೇಳ್ಸಲ್ಲ ಅಂತ ಅದು ನಿಮಗೆ ಹೇಳ್ತಾ?" ಎನ್ನುತ್ತಿದ್ದರು.

ಕಷ್ಟವಿದ್ದದ್ದು ಮನೆಯವರನ್ನು ಒಪ್ಪಿಸುವುದರಲ್ಲಿ. ನಮ್ಮ ಕಡೆಯ ಹಿರಿಯರಿಗೆ ಮಕ್ಕಳು ಬೋರಲು ಮಲಗಿದರೆ ಆಗದು, ಅಪಶಕುನ ಎನ್ನುತ್ತಾರೆ, ನಿದ್ದೆಯಲ್ಲೇ ಎತ್ತಿ ತಿರುಗಿಸುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಮುಖದ್ದು. ಆಸ್ಪತ್ರೆಗೆ ನೋಡಲು ಬಂದವರು ಕಾಯಿಲೆಯವರ ಮುಖ ನೋಡಲೇಬೇಕು. ಮುಖ ನೋಡದೆ ಹಿಂದಿರುಗಿದರೆ ಬಂದ ಹಾಗೆಯೇ ಅಲ್ಲ. ಬೋರಲು ಮಲಗಿದ ಮಗುವಿನಲ್ಲಿ ಕಾಣುವುದು ಬೆನ್ನು, ಕೂದಲು, ಅರ್ಧ ಕೆನ್ನೆ. ಅದೂ ಊದಿಕೊಂಡ ಕೆನ್ನೆ.

ಮನೆಯವರನ್ನು ಸಿಸ್ಟರ್ ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದರು. ರೇಷ್ಮೆ ಸಾಕುವ ಮನೆಯವರಾದರೆ ಸಿಸ್ಟರಿನ ಮಾತು ಹೀಗಿರುತ್ತಿತ್ತು: "ತಟ್ಟೇಲಿ ಸೊಪ್ಪಿನ ಮೇಲೆ ಸೊಪ್ಪು ಹಾಕ್ತಾ ಹೋದ್ರೆ ಅಡಿಗಿರೋದು ಏನಾಗ್ತದಮ್ಮ? ಬಿಸಿಯಾಗಿ ನೀರು ಬಿಡ್ತದಲ್ವಾ? ಮಗೀನ ಎದೆ ಒಳಗೂ ಹಂಗೇ ಆಗೈತೆ. ಅಂಗಾತ ಮಲಗೀ ಮಲಗೀ ಬೆನ್ನಿನ ಕಡೆಯೆಲ್ಲ ನೀರು ತುಂಬ್ಕೊಂಡು ಅಮುಕೋಗೈತೆ. ತಿರುಗಿಸಿದ್ರೆ ಅಲ್ಲಿಗೂ ಗಾಳಿ ಆಡ್ತದೆ." ತೆಲುಗಿನವರಾದರೆ ಇದನ್ನೇ ತೆಲುಗಿನಲ್ಲಿ. ಕೊನೆಗೆ ತಾಯಿಯ ಕೈಹಿಡಿದು ಮಗುವಿನ ಬೆನ್ನ ಮೇಲೆ ಇಡಿಸುತ್ತಿದ್ದರು. "ಏರ್ತಾ ಇಳೀತಾ ಐತಲ್ಲ? ಮುಖ ಸುಳ್ಳು ಹೇಳ್ತದೆ ಕಣಮ್ಮ, ಬೆನ್ನು ಹೇಳಲ್ಲ."

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನಾನು ಅಂಥ ಕೆಲಸ ಮಾಡಿದೆ.

ಕೊರೊನಾ ಬರುವುದಕ್ಕೆ ಮೂರು ನಾಲ್ಕು ವರ್ಷ ಮೊದಲು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಐದು ವರ್ಷದ ಹುಡುಗಿಯೊಬ್ಬಳು ಬಂದಳು. ಎರಡು ಜಡೆ, ಕಾಲಿಗೆ ಬೆಳ್ಳಿ ಗೆಜ್ಜೆ. ಜ್ವರ ಎದೆಗೆ ಇಳಿದು ಎರಡೂ ಶ್ವಾಸಕೋಶ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಬೆಂಗಳೂರಿಗೆ ಸಾಗಿಸುವ ಸ್ಥಿತಿಯಲ್ಲಿರಲಿಲ್ಲ. ಬೋರಲು ಹಾಕೋಣ ಎಂದು ಮೊದಲು ಅಂದವರು ಸಿಸ್ಟರ್, ನಾನು ಒಪ್ಪಿದೆ. ಗೆಜ್ಜೆ ಬಿಚ್ಚಿ ತಾಯಿಯ ಕೈಗೆ ಕೊಟ್ಟು ತಿರುಗಿಸಿದೆವು. ದಿನಕ್ಕೆ ಹದಿನಾರು ಹದಿನೇಳು ಗಂಟೆ ಬೋರಲು, ಉಳಿದ ಹೊತ್ತು ಅಂಗಾತ. ಮೂರನೇ ದಿನದ ಹೊತ್ತಿಗೆ ಆಮ್ಲಜನಕವನ್ನು ನೂರರಿಂದ ಅರವತ್ತಕ್ಕೆ ಇಳಿಸಿದ್ದೆವು. "ದಾರಿಗೆ ಬರ್ತಾ ಇದಾಳೆ ಸಾರ್" ಎಂದು ಸಿಸ್ಟರ್ ಹೇಳಿದ್ದರು. ಅವರು ಅಷ್ಟು ಹೇಳುವುದೇ ಅಪರೂಪ.

ಆ ದಿನ ಸಂಜೆ ನಾಲ್ಕಕ್ಕೆ ಊರಿನಿಂದ ಒಂದು ಟೆಂಪೊ ತುಂಬ ಜನ ಬಂದರು. ಹುಡುಗಿಯ ಅಜ್ಜಿ ಮೊದಲ ದಿನದಿಂದಲೂ ಬಾಗಿಲ ಹೊರಗೆ ಕೂತಿದ್ದವರು. ಅಜ್ಜಿಯನ್ನು ಸಿಸ್ಟರ್ ದಿನಾ ಒಳಗೆ ಕರೆದು ಬೆನ್ನು ಮುಟ್ಟಿಸುತ್ತಿದ್ದರು. ಆದರೆ ಮಗುವನ್ನು ಅಂಗಾತ ಇಡುತ್ತಿದ್ದುದು ನಡುರಾತ್ರಿಯಿಂದ ಬೆಳಗಿನವರೆಗೆ, ಯಾರನ್ನೂ ಒಳಗೆ ಬಿಡದ ಹೊತ್ತಿನಲ್ಲಿ. ಹಾಗಾಗಿ ಮೂರು ದಿನದಿಂದ ಅವರು ಮೊಮ್ಮಗಳ ಮುಖ ಕಂಡಿರಲಿಲ್ಲ. ಊರಿನವರ ಜೊತೆ ಬಂದ ಹುಡುಗಿಯ ಸೋದರಮಾವ ದೊಡ್ಡ ದನಿಯಲ್ಲಿ ಕೇಳಿದ: "ಮೂರು ದಿನದಿಂದ ಬೆನ್ನು ತೋರಿಸ್ತಾ ಇದೀರಲ್ಲ, ಮಗು ಐತೋ ಇಲ್ವೋ? ಹೋಗಿರೋ ಮಗೂನ ಮಷೀನಲ್ಲಿ ಇಟ್ಕೊಂಡಿದೀರಾ?" ಹಿಂದೆ ನಿಂತವರೂ ದನಿಗೂಡಿಸಿದರು. ಆಸ್ಪತ್ರೆಯ ಮ್ಯಾನೇಜರು ಓಡಿಬಂದು ನನ್ನ ಕಿವಿಯಲ್ಲಿ, "ಒಂದ್ಸಲ ತೋರಿಸಿಬಿಡಿ ಡಾಕ್ಟ್ರೇ, ಗಲಾಟೆ ಆಗೋದು ಬೇಡ" ಎಂದ. ಅಷ್ಟರಲ್ಲಿ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಾಯನಾ, ಒಂದೇ ಒಂದ್ಸಾರಿ ಮೊಕ ತೋರ್ಸಪ್ಪ. ಇನ್ನೇನೂ ಕೇಳಲ್ಲ."

ಗಲಾಟೆಗೆ ಹೆದರಿದೆನೋ, ಅಜ್ಜಿಯ ಕೈಗೆ ಕರಗಿದೆನೋ, ಇಂದಿಗೂ ಸರಿಯಾಗಿ ಹೇಳಲಾರೆ. ಎರಡೂ ಇದ್ದವು. ಒಳಗೆ ಹೋಗಿ, "ಅಂಗಾತ ತಿರುಗಿಸಿ ಸಿಸ್ಟರ್, ಹತ್ತು ನಿಮಿಷ" ಎಂದೆ.

ಸಿಸ್ಟರ್ ಮಾನಿಟರ್ ಕಡೆ ನೋಡಿದರು. "ಈಗ ಬೇಡ ಸಾರ್, ಅಂಕಿ ಈಗಷ್ಟೇ ನಿಲ್ತಾ ಇದೆ. ಹೆಂಗೂ ರಾತ್ರಿ ತಿರುಗಿಸ್ತೀವಲ್ಲ, ಆಗ ಅಜ್ಜೀನ ಕರೀತೀನಿ, ಅಷ್ಟೊತ್ತು ನಾನೇ ಹತ್ರ ಕೂತ್ಕೊಂಡು ಸಮಾಧಾನ ಮಾಡ್ತೀನಿ."

"ಹೊರಗೆ ಜನ ಸೇರಿದಾರೆ."

"ಐದು ಜನ ಬೇಕು ಸಾರ್, ಈಗ ಮೂರೇ ಜನ ಇದೀವಿ."

"ನಾನು ತಲೆ ಹಿಡೀತೀನಿ. ನಾನು ಹೇಳ್ತಾ ಇದೀನಲ್ಲ ಸಿಸ್ಟರ್" ಎಂದೆ. ಹಾಗೆ ಹೇಳುವಾಗ ನನ್ನ ದನಿ ಅಗತ್ಯಕ್ಕಿಂತ ಜೋರಾಗಿತ್ತು, ಪಕ್ಕದ ಹಾಸಿಗೆಯ ತಾಯಿ ತಿರುಗಿ ನೋಡಿದರು. ಸಿಸ್ಟರ್ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದರು. ಮಗುವಿನ ಕಿವಿಯ ಹತ್ತಿರ ಬಾಗಿ ಹೇಳುವುದನ್ನು ಹೇಳಿದರು.

ತಿರುಗಿಸಿದೆವು. ನಳಿಕೆ ಜಾರಲಿಲ್ಲ. ಅಜ್ಜಿ ಬಂದು ಊದಿದ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು, ಕೆನ್ನೆ ಸವರಿದರು. ಆಮೇಲೆ ತಾಯಿ, ಸೋದರಮಾವ, ಇನ್ನೂ ಯಾರೋ ಇಬ್ಬರು. ಮಾನಿಟರಿನ ಅಂಕಿ ತೊಂಬತ್ತೆರಡರಿಂದ ಎಂಬತ್ತೇಳಕ್ಕೆ, ಎಂಬತ್ತಕ್ಕೆ ಇಳಿಯುತ್ತಿತ್ತು. ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ಆಗಲೇ ಎಲ್ಲರನ್ನೂ ಹೊರಗೆ ಕಳಿಸಬೇಕಿತ್ತು. ಅವಸರ ಮಾಡಿದರೆ ಜನ ಗಾಬರಿಯಾಗುತ್ತಾರೆ, ಮತ್ತೆ ಗಲಾಟೆ ಎಂದು ನಾನು ಇನ್ನೂ ಮೂರು ನಾಲ್ಕು ನಿಮಿಷ ಬಿಟ್ಟೆ. ನಳಿಕೆಯಲ್ಲಿ ಕಫ ಕಟ್ಟಿತು. ಅಂಕಿ ಐವತ್ತಕ್ಕೆ ಕುಸಿಯಿತು, ಗುಂಡಿಗೆಯ ಬಡಿತ ಇಳಿಯಿತು. ಎಲ್ಲರನ್ನೂ ಹೊರಗೆ ತಳ್ಳಿ, ಕಫ ಎಳೆದು, ಎದೆ ಒತ್ತಿ, ಮತ್ತೆ ಬೋರಲು ಹಾಕಿದೆವು. ಹುಡುಗಿ ಅವತ್ತು ಉಳಿದಳು, ಆದರೆ ಮೊದಲಿನ ಜಾಗಕ್ಕೆ ಮರಳಲಿಲ್ಲ. ಎರಡು ದಿನದ ನಂತರ ಮಧ್ಯಾಹ್ನ ಹೋಗಿಬಿಟ್ಟಳು. ತಿರುಗಿಸದೆ ಇದ್ದಿದ್ದರೆ ಬದುಕುತ್ತಿದ್ದಳೇ? ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದರಲ್ಲಿ ನಾನು ಬಹಳ ವರ್ಷ ಅಡಗಿಕೊಂಡಿದ್ದೆ.

ಮರುದಿನ ಮ್ಯಾನೇಜರಿನ ಕೋಣೆಯಲ್ಲಿ ಸೇರಿದರು. ಸೋದರಮಾವ, ಊರಿನ ಇಬ್ಬರು ಹಿರಿಯರು, ನಾನು, ಸಿಸ್ಟರ್. ಅಜ್ಜಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಬೋರಲು ಹಾಕಿ ಉಸಿರು ಕಟ್ಟಿಸಿದಾರೆ" ಎನ್ನುವುದು ಊರಿನವರ ಮಾತು. ಬೋರಲು ಹಾಕು ಎಂದು ಹೇಳಿದ್ದು ಯಾರು ಎಂದು ಮ್ಯಾನೇಜರು ಕೇಳಿದ. "ಮೊದಲು ಅಂದಿದ್ದು ನಾನು" ಎಂದರು ಸಿಸ್ಟರ್. ಮ್ಯಾನೇಜರು ನನ್ನ ಕಡೆ ತಿರುಗಿ, "ನೀವೇನಾದ್ರೂ ಹೇಳೋದಿದೆಯಾ ಡಾಕ್ಟ್ರೇ?" ಎಂದ.

"ಇಲ್ಲ" ಎಂದೆ.

ಹೊರಗೆ ಬಂದ ಮೇಲೆ ಹಿರಿಯರಲ್ಲೊಬ್ಬರು ಮ್ಯಾನೇಜರನ್ನು, ಆ ನರ್ಸು ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಅವನು ದನಿ ತಗ್ಗಿಸಿ ಹೇಳಿದ. ಕೇಳಿದವರ ಮುಖದಲ್ಲಿ "ಅದಕ್ಕೇ" ಎನ್ನುವಂಥದ್ದೊಂದು ಬಂದುಹೋಯಿತು. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ. ತಗ್ಗಿದ್ದ ಕಡೆಗೇ ನೀರು ಹರಿಯುವುದು. ಒಂದು ವಾರದಲ್ಲಿ, ತಾವಾಗಿಯೇ ಬಿಟ್ಟುಹೋದರೆ ಎಲ್ಲರಿಗೂ ಒಳ್ಳೆಯದು ಎಂದು ಸಿಸ್ಟರಿಗೆ ಹೇಳಿದರಂತೆ. ಅವರು ಲಾಕರಿನ ಬುದ್ಧನ ಚಿತ್ರ ಬಿಡಿಸಿಕೊಂಡು ಹೋದರು. ನಾನು ಆ ದಿನ ರಜೆ ಹಾಕಿದ್ದೆ.

ಆಮೇಲೆ ಅವರಿಗೆ ಮಕ್ಕಳ ವಾರ್ಡಿನ ಕೆಲಸ ಸಿಗಲಿಲ್ಲ. ಸಣ್ಣ ಊರುಗಳಲ್ಲಿ ಸುದ್ದಿಗೆ ಕಾಲು ಜಾಸ್ತಿ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರೆಂದು ಕೇಳಿದೆ. ಕೆಲಸಗಾರರ ಬೆರಳಿಗೆ ಪಟ್ಟಿ ಕಟ್ಟುವುದು, ತಲೆನೋವಿಗೆ ಮಾತ್ರೆ ಕೊಡುವುದು.

ಕೊರೊನಾ ಬಂದಾಗ ಇಡೀ ದೇಶ ಬೋರಲು ಮಲಗಲು ಕಲಿಯಿತು. ಟೀವಿಯಲ್ಲಿ ತೋರಿಸಿದರು, ವಾಟ್ಸಾಪಿನಲ್ಲಿ ಚಿತ್ರಗಳು ಹರಿದಾಡಿದವು. ಅಪಶಕುನ ಎನ್ನುತ್ತಿದ್ದ ಅಜ್ಜ ಅಜ್ಜಿಯರೇ ದಿಂಬಿಟ್ಟುಕೊಂಡು ಬೋರಲು ಬಿದ್ದರು. ಅದೆಲ್ಲ ತಣ್ಣಗಾದ ಮೇಲೆ ಚಿಕ್ಕಬಳ್ಳಾಪುರದ ಒಂದು ಸಂಘದವರು ಡಾಕ್ಟರುಗಳಿಗೆ ಸನ್ಮಾನ ಇಟ್ಟುಕೊಂಡರು. ನನಗೂ ಶಾಲು, ಪೇಟ, ಹಣ್ಣಿನ ಬುಟ್ಟಿ. ಮಾತಾಡಿ ಎಂದರು. ಮಕ್ಕಳನ್ನು ಬೋರಲು ಮಲಗಿಸುವುದನ್ನು ನಾವು ಇಲ್ಲಿ ಎಷ್ಟೋ ವರ್ಷದ ಹಿಂದೆಯೇ ಮಾಡುತ್ತಿದ್ದೆವು ಎಂದೆ. ಚಪ್ಪಾಳೆ ಬಿತ್ತು. ಆ "ನಾವು" ಅನ್ನುವುದು ಬಾಯಿಂದ ಹೊರಬಿದ್ದ ಕೂಡಲೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಸಭೆಯಲ್ಲಿ ಅವರೇನಾದರೂ ಇದ್ದಾರೋ ಎಂದು ಕಣ್ಣಾಡಿಸಿದೆ. ಇರಲಿಲ್ಲ. ಅವರನ್ನು ಯಾರು ಕರೆಯುತ್ತಾರೆ?

ಮರುವಾರ ಕುಡುಮಲಕುಂಟೆಗೆ ಹೋದೆ. ಒಂದು ಮೇಜು, ಒಂದು ಹಾಸಿಗೆ, ಗಾಜಿನ ಬೀರು ಇರುವ ಕೋಣೆ. ಸಿಸ್ಟರ್ ಕನ್ನಡಕ ಹಾಕಿದ್ದರು, ಕೂದಲು ನರೆತಿತ್ತು. "ಬನ್ನಿ ಸಾರ್, ಕೂತ್ಕೊಳಿ" ಎಂದು, ನಿನ್ನೆ ತಾನೇ ಬಿಟ್ಟುಹೋದವರ ಹಾಗೆ ಕ್ಯಾಂಟೀನಿನಿಂದ ಟೀ ತರಿಸಿದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತನ್ನು ಬಿಚ್ಚಿದೆ.

"ಅವತ್ತು ನೀವು ಬಾಯಿ ಬಿಡಲಿಲ್ಲ ಸಿಸ್ಟರ್. ನನ್ನನ್ನ ಉಳಿಸಿದ್ರಿ. ಆ ಋಣ ನಾನು ಹೆಂಗೆ..."

ಅವರು ಟೀ ಲೋಟ ಕೆಳಗಿಟ್ಟರು. "ನಿಮ್ಮನ್ನ ಉಳಿಸೋಕೆ ಅಂದ್ಕೊಂಡಿದ್ರಾ ಸಾರ್, ಇಷ್ಟು ವರ್ಷ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಅಯ್ಯೋ ದೇವ್ರೇ. ಆ ಅಜ್ಜಿ ಬಾಗಿಲ ಹತ್ರಾನೇ ಕೂತಿತ್ತಲ್ಲ ಸಾರ್. ಮುಖ ನೋಡ್ಬೇಕು ಅಂದ್ರು, ಅದಕ್ಕೆ ತಿರುಗಿಸಿದ್ವಿ, ಹಿಂಗಾಯ್ತು ಅಂತ ನಾನು ಅಲ್ಲಿ ಹೇಳಿದ್ರೆ ಆ ಮುದುಕಿ ಮನೆಗೆ ಹೋಗಿ ಏನ್ ಮಾಡ್ಕೊಳ್ತಿತ್ತೋ. ಸೊಸೆ ಮಾತಾಡ್ಸ್ತಿದ್ಲಾ ಅದನ್ನ? ಮಗು ಹೋಗಿತ್ತು. ಅಜ್ಜಿ ಬದುಕ್ಬೇಕಿತ್ತಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ಅವರ ಮೌನದ ತುಂಬ ನಾನೇ ಇದ್ದೇನೆ ಎಂದುಕೊಂಡಿದ್ದೆ. ಇಷ್ಟಾದರೂ ನನ್ನ ಬುದ್ಧಿ ನೋಡಿ, ತಕ್ಷಣ ಒಂದು ನೆಮ್ಮದಿ ಹುಡುಕಿತು. "ಹಾಗಾದ್ರೆ ನಾನೂ ಹೇಳೋ ಹಾಗಿರಲಿಲ್ವಲ್ಲ ಸಿಸ್ಟರ್" ಎಂದೆ.

"ನೀವು ಹೇಳ್ಬೋದಿತ್ತು" ಎಂದರು ಅವರು. "ತಿರುಗಿಸೋಕೆ ನಾನು ಹೇಳ್ದೆ ಅಂತ ಅಷ್ಟಂದಿದ್ರೆ ಸಾಕಾಗಿತ್ತು. ಯಾಕೆ ಅಂತ ಯಾರ್ ಕೇಳ್ತಿದ್ರು? ನರ್ಸನ್ನ ಕೇಳ್ತಾರೆ ಸಾರ್, ಯಾಕೆ ಅಂತ. ಡಾಕ್ಟ್ರನ್ನ ಕೇಳಲ್ಲ."

ಅಷ್ಟರಲ್ಲಿ ಒಬ್ಬ ಕೆಲಸಗಾರ ಬೆರಳಿಗೆ ಕರ್ಚೀಫು ಸುತ್ತಿಕೊಂಡು ಬಂದ. ಸಿಸ್ಟರ್ ಎದ್ದು ಕೈ ತೊಳೆದುಕೊಂಡು ಅವನ ಕಡೆ ಹೋದರು. ನಾನು ಉಳಿದ ಟೀ ಕುಡಿದು ಎದ್ದೆ. "ಬರ್ತಾ ಇರಿ ಸಾರ್" ಎಂದರು. ಮತ್ತೆ ಹೋಗಲಿಲ್ಲ.

ಹೋದ ತಿಂಗಳು ಕೆಂಚಾರ್ಲಹಳ್ಳಿಯಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಅವರ ಮಗಳು ಚಿಂತಾಮಣಿಯಲ್ಲಿ ಹೈಸ್ಕೂಲು ಟೀಚರು. ಆಕೆಯೇ ಫೋನ್ ಮಾಡಿ ಕರೆದಳು. ಮನೆಯ ಮುಂದೆ ಶಾಮಿಯಾನ, ಬುದ್ಧನ ಚಿತ್ರದ ಪಕ್ಕ ಅವರ ಫೋಟೊ, ಎಂಬತ್ತು ತೊಂಬತ್ತು ಜನ. ಗೌರಿಬಿದನೂರಿನಿಂದ ಕಾರ್ಖಾನೆಯ ಕೆಲಸಗಾರರು ಒಂದು ಗಾಡಿ ಮಾಡಿಕೊಂಡು ಬಂದಿದ್ದರು. ಆ ಹುಡುಗಿಯ ಅಜ್ಜಿ ಹೋದ ವರ್ಷ ತೀರಿಕೊಂಡಿದ್ದಾರೆಂದು ಶಿಡ್ಲಘಟ್ಟದ ಕಡೆಯವರೊಬ್ಬರಿಂದ ನನಗೆ ತಿಳಿದಿತ್ತು. ಇನ್ನು ಸತ್ಯ ಮುಚ್ಚಿಟ್ಟು ಯಾರನ್ನೂ ಕಾಯಬೇಕಾಗಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ ಎಂದೇ ಹೋಗಿದ್ದೆ.

ಮೈಕ್ ಹಿಡಿದು ಹತ್ತು ನಿಮಿಷ ಮಾತಾಡಿದೆ. ಉಗುರಿನ ಕಥೆ ಹೇಳಿದೆ, ನನ್ನನ್ನು ಹಾಸಿಗೆಯ ಮೇಲೆ ತಿರುಗಿಸಿದ್ದನ್ನು ಹೇಳಿದೆ. ಜನ ಕಣ್ಣೊರೆಸಿಕೊಂಡು ನಕ್ಕರು. ಚೆನ್ನಾಗಿ ಮಾತಾಡುತ್ತಿದ್ದೇನೆ ಎಂದು ನನಗೇ ಅನ್ನಿಸಿತು. ಆಮೇಲೆ ಹೇಳಬೇಕಾದ ಜಾಗ ಬಂತು. ಮುಂದಿನ ಸಾಲಿನಲ್ಲಿ ಅಷ್ಟು ಜನ ನನ್ನನ್ನು ಗೌರವದಿಂದ ನೋಡುತ್ತಿದ್ದರು. ಸಿಸ್ಟರ್ ಅವರ ಸೇವೆ ನಮಗೆಲ್ಲ ಮಾದರಿ ಎಂದು ಹೇಳಿ ಕೂತುಬಿಟ್ಟೆ.

ಊಟ ಮುಗಿಸಿ ಹೊರಡುವಾಗ ಮಗಳು ಕಾರಿನವರೆಗೆ ಬಂದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಕೇಳಿದಳು. "ಸಾರ್, ಒಂದ್ ಮಾತು. ಅಮ್ಮ ಚಿಕ್ಕಬಳ್ಳಾಪುರದ ಆಸ್ಪತ್ರೆ ಯಾಕೆ ಬಿಟ್ರು ಅಂತ ಒಂದಿನಾನೂ ಹೇಳ್ಲಿಲ್ಲ. ಅಮ್ಮನಿಂದ ಒಂದ್ ಮಗು ಹೋಯ್ತು ಅಂತ ಊರಲ್ಲಿ ಆಡ್ಕೊಳ್ತಿದ್ರು. ನಿಜಾನಾ ಸಾರ್? ಅಮ್ಮ ತಪ್ಪು ಮಾಡಿದ್ರಾ?"

ಆಕೆ ಈ ಪ್ರಶ್ನೆಯನ್ನು ಹೊತ್ತುಕೊಂಡೇ ಓದಿ, ಕೆಲಸಕ್ಕೆ ಸೇರಿ, ತಾಯಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಓಡಾಡಿದ್ದಳು. ತೆರೆದಿದ್ದ ಕಾರಿನ ಬಾಗಿಲನ್ನು ಮುಚ್ಚಿದೆ.

"ಇಲ್ಲಮ್ಮ" ಎಂದೆ. "ನಿಮ್ಮಮ್ಮ ಬೇಡ ಅಂದ್ರು. ಮಗೂನ ತಿರುಗಿಸೋಕೆ ಹೇಳಿದ್ದು ನಾನು. ತಪ್ಪು ನಂದು."

ಆಕೆ ಅಳಲಿಲ್ಲ. ಬೈಯಲೂ ಇಲ್ಲ. ಶಾಮಿಯಾನದ ಕಡೆ ನೋಡಿದಳು.

"ಇದನ್ನ ಆಗ್ಲೇ ಮೈಕಲ್ಲಿ ಹೇಳ್ಬೋದಿತ್ತಲ್ಲ ಸಾರ್" ಎಂದಳು. "ಎಲ್ರೂ ಇದ್ರು."

ನಾನೂ ಆ ಕಡೆ ನೋಡಿದೆ. ಗೌರಿಬಿದನೂರಿನ ಗಾಡಿ ಹೊರಟುಹೋಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಮೈಕಿನ ವೈರು ಸುತ್ತುತ್ತಿದ್ದರು.